ತಡೆದ ನೀರು

"ಮಾಮಾ, ಅವ್ವ ಏಳವಲ್ಲಳು."

ಫೋನಿನಲ್ಲಿ ನನ್ನ ತಂಗಿಯ ಮಗಳು ಕೌಸರ ಹೇಳಿದ್ದು ಇಷ್ಟೇ. ಗುರುವಾರ ಬೆಳಗಿನ ನಮಾಜು ಮುಗಿಸಿ ಸಿಂದಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದೆ. ಮಾತು ಅರ್ಥವಾಗಿತ್ತು. ಆದರೂ, "ಮಾರಿಗಿ ನೀರ ಚಿಮುಕಿಸಿ ನೋಡಿದೇನವಾ?" ಎಂದು ಕೇಳಿದೆ. "ನೋಡೇನ್ರಿ ಮಾಮಾ," ಎಂದಳು. ಅವಳ ಹಿಂದೆ ಯಾರೋ ಹೆಣ್ಣುಮಗಳು ಅಳತೊಡಗಿದ್ದು ಕೇಳಿಸಿತು. ನಾವು ಅಲ್ಲಾಹನಿಗೆ ಸೇರಿದವರು, ಅವನ ಕಡೆಗೇ ಮರಳುವವರು ಎಂಬ ವಚನವನ್ನು ಬಾಯಲ್ಲೇ ಹೇಳಿಕೊಂಡು ಎದ್ದೆ. ಏಳುವಾಗ ಮೊಳಕಾಲು ನೋಯಿತು.

ತಂಗಿ ಶಮಶಾದಬಿ ನನ್ನ ಬೆನ್ನಿಗೆ ಬಿದ್ದವಳು. ಮೋರಟಗಿಯಲ್ಲಿ ನಮ್ಮಪ್ಪ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದ. ಆ ಅರಳೆಯ ರಾಶಿಯಲ್ಲಿ ನಾವಿಬ್ಬರೂ ಹೊರಳಾಡಿ ಬೆಳೆದವರು. ದೊಡ್ಡವನು ನಾನು, ಮೊದಲು ಹೋಗಬೇಕಾದವನು ನಾನು. ಈ ಲೆಕ್ಕ ಹಾಕುತ್ತ ಇಂಡಿಯ ಬಸ್ಸಿನಲ್ಲಿ ಕೂತೆ. ಬಗಲಲ್ಲಿ ಛತ್ರಿ ಇತ್ತು. ಮಳೆಗಾಲ ಮುಗಿದು ಬಿಸಿಲು ಬಿದ್ದಿತ್ತು. ಆದರೂ ಕೈ ತಾನಾಗಿ ಅದನ್ನು ಎತ್ತಿಕೊಂಡಿತ್ತು. ಈ ಛತ್ರಿಯ ಮೇಲೆ ಅವಳದೊಂದು ಮಾತಿತ್ತು. "ನಮ್ಮಣ್ಣ ಬಿಸಲಾಗ ಛತ್ರಿ ಹೊತ್ಕೊಂಡ ತಿರಗತಾನ. ಮಳಿ ಬಂತಂದ್ರ ಛತ್ರಿ ತೊಯ್ತೈತಿ ಅಂತ ಮಡಚಿ ಬಗಲಾಗ ಇಟ್ಕೋತಾನ." ನೆಂಟರೆಲ್ಲ ಕೂಡಿದಾಗ ಇದನ್ನು ಹೇಳಿ ನಗಿಸುತ್ತಿದ್ದಳು. ನಾನೂ ನಗುತ್ತಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕನ್ನೊಳ್ಳಿಯ ಸಾಲೆಯಲ್ಲಿ ಮಾಸ್ತರನಾಗಿ ಸೇರಿದವನು, ಬೇರೆ ಊರಿಗೆ ಬಡ್ತಿ ಕೊಡುತ್ತೇವೆಂದಾಗಲೂ ಒಲ್ಲೆನೆಂದು ಅಲ್ಲಿಯೇ ನಿವೃತ್ತನಾದೆ.

ಅವಳ ತೋಟ ಇಂಡಿಯ ಈಚೆಗೆ, ರಸ್ತೆಯಿಂದ ಸ್ವಲ್ಪ ಒಳಗೆ ಇದೆ. ಗಂಡ ತೀರಿಕೊಂಡಾಗ ಅಲ್ಲಿ ತೊಗರಿ, ಜೋಳ ಬೆಳೆಯುತ್ತಿದ್ದರು. ಹೊಲವನ್ನು ಲಾವಣಿಗೆ ಹಾಕು, ಗುತ್ತಿಗೆಯ ಹಣದಲ್ಲಿ ಕೂತು ಉಣ್ಣು ಎಂದು ಎಲ್ಲರೂ ಬುದ್ಧಿ ಹೇಳಿದೆವು. ಅವಳು ನಿಂಬೆ ಹಚ್ಚಿದಳು. ಸಸಿ ದೊಡ್ಡವಾಗಿ ಕಾಯಿ ಬಿಡುವವರೆಗೆ ಏನು ತಿಂದಳೋ, ಮಗಳಿಗೆ ಏನು ತಿನ್ನಿಸಿದಳೋ ನಾವು ಕೇಳಲಿಲ್ಲ.

ತೋಟದ ಬಾಗಿಲಲ್ಲಿ ಬಸ್ಸಿಳಿದವರ ಗುಂಪಿನ ಜೊತೆ ಒಳಗೆ ನಡೆದೆ. ಎರಡೂ ಕಡೆ ಗಿಡಗಳು ಎಲೆ ಮಡಚಿಕೊಂಡು, ಕೊಂಬೆ ಜೋತು ಬಿಟ್ಟು ನಿಂತಿದ್ದವು. ನೆಲದ ಮೇಲೆ ಹಳದಿ ಎಲೆಗಳು ಬಿದ್ದಿದ್ದವು. ನನ್ನ ಮುಂದಿದ್ದ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡು, "ನೋಡ್ರೆವಾ, ಗಿಡ ಸುದ್ದಾ ಮಾರಿ ಕೆಳಗ ಹಾಕ್ಯಾವ. ಸಾಕಿದಾಕಿ ಹೋದಳಂತ ಅವಕ್ಕ ತಿಳದೈತಿ," ಎಂದಳು. ಆವರೆಗೆ ತಡೆದುಕೊಂಡಿದ್ದ ನನ್ನ ಕಣ್ಣೀರು ಆ ಮಾತಿಗೆ ಹೊರಬಂತು.

ನಿದ್ದೆಯಲ್ಲಿಯೇ ಎದೆ ನಿಂತಿತ್ತಂತೆ. ಮುಖದ ಮೇಲೆ ನೋವಿನ ಗುರುತು ಇರಲಿಲ್ಲ. ಇಳಿಹೊತ್ತಿನ ಅಸರ್ ನಮಾಜಿನ ನಂತರ ಮಣ್ಣು ಕೊಟ್ಟೆವು. ಪಕ್ಕದ ತೋಟದ ಮಾಳಿಂಗ, ಊರಿನ ಇತರ ಜನ ಕೂಡ ಬಂದಿದ್ದರು. ನಾನು ನನ್ನ ಪಾಲಿನ ಮಣ್ಣು ಹಾಕಿದೆ. ಕಣ್ಣೊರೆಸಿ ಕೈ ಒದ್ದೆಯಾಗಿದ್ದರಿಂದ ಮಣ್ಣು ಬೆರಳಿಗೆ ಅಂಟಿಕೊಂಡಿತು.

ಮೂರನೆಯ ದಿನದ ಜಿಯಾರತ್ತಿಗೆ ಮತ್ತೆ ಎಲ್ಲರೂ ಸೇರಿದರು. ತೋಟದ ಮನೆಯ ಮುಂದೆ ಚಾಪೆ ಹಾಸಿ ಕುರಾನು ಓದಿದೆವು. ಊರ ಮಸೀದಿಯ ಹಜರತ್ತರು, ಸತ್ತವರ ಹೆಸರಿನಲ್ಲಿ ಮಾಡುವ ದಾನದ ಬಗ್ಗೆ ನಾಲ್ಕು ಮಾತು ಹೇಳಿದರು. ದಾನಗಳಲ್ಲಿ ನೀರಿನ ದಾನ ದೊಡ್ಡದು. ಬಾಯಾರಿದವರು ಮನುಷ್ಯರಿರಲಿ, ನಾಯಿ ಇರಲಿ, ಪಕ್ಷಿ ಇರಲಿ, ಅವುಗಳಿಗೆ ಕೊಟ್ಟ ನೀರಿನ ಸವಾಬು, ಆ ಪುಣ್ಯ, ಗೋರಿಯಲ್ಲಿ ಇದ್ದವರಿಗೆ ತಂಪು ತರುತ್ತದೆ ಎಂದರು. ನಾನು ತಲೆಯಾಡಿಸಿದೆ. ಚಿಕ್ಕಂದಿನಿಂದ ಕೇಳಿ ನಂಬಿಕೊಂಡು ಬಂದ ಮಾತು ಅದು.

ನನ್ನ ಪಕ್ಕದಲ್ಲಿ ಮೋದಿನಸಾಬ ಕೂತಿದ್ದ. ತಂಗಿಯ ಗಂಡನ ತಮ್ಮ. ಇಂಡಿ ಪೇಟೆಯಲ್ಲಿ ಅಂಗಡಿ ಇದೆ. ಬಾಯಿ ಬಿರುಸು, ಎದೆ ಮೆದು. ಅತ್ತಿಗೆಯನ್ನು ತಾಯಿಯಂತೆ ಕಂಡವನು. ಹಜರತ್ತರ ಮಾತು ಮುಗಿಯುವಷ್ಟರಲ್ಲಿ ಅವನ ಗಡ್ಡವೆಲ್ಲ ಕಣ್ಣೀರಾಗಿತ್ತು. ಯಾರಿಗೂ ಏನೂ ಹೇಳದೆ ಎದ್ದು ಹೋದ. ಸ್ವಲ್ಪ ಹೊತ್ತಿಗೆ ಬೋರಿನ ಮೋಟರ್ ಸದ್ದು ಕೇಳಿಸಿತು. ಒಣಗಿ ನಿಂತ ಗಿಡಗಳ ಬುಡಕ್ಕೆ ನೀರು ಹರಿಯತೊಡಗಿತು. ಚಾಪೆಯ ಮೇಲೆ ಕೂತವರೆಲ್ಲ "ಸುಭಾನಲ್ಲಾಹ್" ಎಂದರು. ನಾನೂ ಎಂದೆ.

ಆಗ ಒಳಗೆ ಹೆಂಗಸರ ನಡುವೆ ಕೂತಿದ್ದ ಕೌಸರ ಬರಿಗಾಲಲ್ಲಿ ಓಡಿಬಂದಳು. ತಲೆಯ ಮೇಲಿನ ಸೆರಗು ಜಾರಿದ್ದರ ಕಡೆಗೂ ಲಕ್ಷ್ಯವಿರಲಿಲ್ಲ. ಗಂಡಸರ ಮುಂದೆಯೇ ಹಾದು ಹೋಗಿ ಮೋಟರ್ ಬಂದ್ ಮಾಡಿದಳು.

"ಯಾರ್ ನೀರ ಬಿಟ್ಟವರು?"

"ನಾ ಬಿಟ್ಟೀನಿ," ಎಂದ ಮೋದಿನಸಾಬ. "ನಿಮ್ಮವ್ವನ ಹೆಸರ್ಲೆ ಬಿಟ್ಟೀನಿ. ಯಾಕ ಬಂದ್ ಮಾಡಿದಿ?"

"ಕಾಕಾ, ಅವ್ವನೇ ನೀರ ತಡದಿದ್ದಳ್ರಿ. ಇನ್ನೊಂದೀಟ ದಿನಾ ತಡೀಬೇಕಿತ್ತ."

"ತಡದಾಕಿ ಹೋದಳಲ್ಲವಾ! ಈಗ ಯಾರಿಗಂತ ತಡೀತಿ? ಸತ್ತಾಕಿ ಹೆಸರಿನ ನೀರಿಗಿ ಅಡ್ಡ ಬಂದ ಮಗಳನ್ನ ನಾ ಎಲ್ಲೂ ಕಂಡಿಲ್ಲ."

ಚಾಪೆಯ ಮೇಲೆ ಗುಜುಗುಜು ಎದ್ದಿತು. ನನಗೂ ಕಸಿವಿಸಿಯಾಯಿತು. ಅವಳನ್ನು ಕರೆದು ಏನಿದು ಎಂದು ಕೇಳಿದೆ. ಅವಳು ಉಸಿರು ಬಿಡುತ್ತ ಹೇಳಿದ್ದು ಇಷ್ಟು. ನಿಂಬೆ ಗಿಡಕ್ಕೆ ಸದಾ ನೀರು ಸಿಕ್ಕರೆ ಅದು ಮಳೆಗಾಲದಲ್ಲಿ ಕಾಯಿ ಬಿಡುತ್ತದೆ. ಆಗ ನಿಂಬೆ ಬೇಕೆನ್ನುವವರು ಯಾರೂ ಇಲ್ಲ. ಕಾಯಿ ಬೇಸಿಗೆಗೆ ಬರಬೇಕಾದರೆ ಮಳೆ ನಿಂತ ಮೇಲೆ ನೀರು ತಡೆದು ಗಿಡವನ್ನು ಬಾಯಾರಿಸಬೇಕು. ಎಲೆ ಉದುರುವಷ್ಟು ಬಾಯಾರಿಸಿ ಆಮೇಲೆ ನೀರು ಕೊಟ್ಟರೆ, ಸಾಯುತ್ತೇನೆಂದು ಹೆದರಿದ ಗಿಡ ಮೈತುಂಬ ಹೂ ಬಿಡುತ್ತದೆ. ಬೇಗ ಕೊಟ್ಟರೆ ಬರೀ ಎಲೆ. ತಡಮಾಡಿದರೆ ಗಿಡವೇ ಹೋಗುತ್ತದೆ.

"ಗಿಡಾನ ಹೋದ್ರ?" ಎಂದ ಮೋದಿನಸಾಬ. "ಅತ್ತಿಗಿಗೆ ಕಣ್ಣಿತ್ತು, ಮಾಡತಿದ್ದಳು. ನಿನಗೇನ ಗೊತ್ತೈತಿ? ಮಾಸ್ತರ, ಈ ತೋಟ ಬಿಟ್ರ ಈ ಹುಡಗಿಗಿ ಬ್ಯಾರೆ ಏನೂ ಇಲ್ಲ. ಅಕಿನ ಗಂಡಾ ಟೆಂಪೋ ಹೊಡಿಯಾಂವ, ಇವತ್ತ ಕೆಲಸ ಐತಿ, ನಾಳಿಗಿ ಇಲ್ಲ. ಒಂದ ಮಾತ ಹೇಳಿಬಿಡತೇನಿ. ಎಲ್ಲಾ ಗಿಡಕ್ಕ ಇವತ್ತ ನೀರ ಬಿಡೂಣು, ಮಳಿಗಾಲದಾಗ ಎಷ್ಟ ಬರ್ತೈತಿ ಅಷ್ಟ ಬರ್ಲಿ. ಇಲ್ಲ, ಅಕಿ ಹಟಾ ಹಿಡದು ಗಿಡ ಒಣಗಿಸಿದಳಂದ್ರ ತೋಟ ಲಾವಣಿಗಿ ಹಾಕೂದ. ಮನಿಗಿ ಹಿರೇರು ನೀವು. ನೀವು ಹೇಳ್ರಿ."

ಎಲ್ಲರೂ ನನ್ನ ಕಡೆ ನೋಡಿದರು. ಕೌಸರಳೂ ನೋಡಿದಳು. ಅವಳಿಗೆ ತಾಯಿಯ ಹುಬ್ಬೇ ಬಂದಿದೆ. ಕೇಳುವಾಗ ಒಂದು ಹುಬ್ಬು ಮಾತ್ರ ಮೇಲೇರುತ್ತದೆ.

"ನಾಳಿಗಿ ಮುಂಜಾನಿ ಹೇಳತೇನಿ," ಎಂದೆ.

"ಆತು ಬಿಡ್ರಿ," ಎಂದ ಮೋದಿನಸಾಬ. "ಮಾಸ್ತರ ನಾಳಿಗಿ ಅಂದ್ರ ಮುಂದಿನ ಸಾಲಿ ಸುರು ಆಗೂತನಾ."

ಮರುದಿನ ಬೆಳಗಿನ ನಮಾಜು ಮುಗಿಸಿ ಹೊರಗೆ ಬಂದಾಗ ಕೌಸರ ಆಗಲೇ ಗಿಡಗಳ ಸಾಲಿನಲ್ಲಿ ನಿಂತಿದ್ದಳು. ಒಂದೊಂದು ಗಿಡದ ಮುಂದೆ ನಿಂತು ಎಲೆಯ ಬೆನ್ನನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಬೇಲಿಯ ಆಚೆ ಮಾಳಿಂಗ ಹಲ್ಲುಜ್ಜುತ್ತ ನಿಂತಿದ್ದ.

"ಮಧ್ಯಾಹ್ನ ನೋಡಿದ್ರ ಎಲ್ಲಾ ಗಿಡಾನೂ ಎಲಿ ಮಡಚತಾವ್ರಿ ಮಾಮಾ," ಎಂದಳು. "ಮುಂಜಾನಿ ಸುದ್ದಾ ಬಿಚ್ಚಲಿಲ್ಲ ಅಂದ್ರ ಖರೇ ನೀರಡಿಕಿ. ಅದಕ್ಕ ಅವ್ವ ಮುಂಜಾನಿ ಬರ್ತಿದ್ದಳು."

ಮೋಟರಿಗೆ ಹತ್ತಿರದ ಎರಡು ಸಾಲುಗಳಿಗೆ ನಿನ್ನೆ ನೀರು ಹೋಗಿತ್ತು. ಅಲ್ಲಿ ಎಲೆಗಳು ನೆಟ್ಟಗೆ ನಿಂತು ಹೊಳೆಯುತ್ತಿದ್ದವು. ಉಳಿದ ತೋಟವೆಲ್ಲ ಹಾಗೆಯೇ ಮುದುರಿಕೊಂಡಿತ್ತು. ಆ ಎರಡು ಸಾಲನ್ನು ನೋಡಿ ನನಗೆ ಸಮಾಧಾನವೇ ಆಯಿತು. ಸುಳ್ಳು ಹೇಳಲಾರೆ. ಎಲ್ಲ ಗಿಡಗಳೂ ಹೀಗೆ ಆಗಲಿ ಎನಿಸಿತು.

"ಆ ಎರಡ ಸಾಲ ಹೋದಂಗರೀ ಮಾಸ್ತರ," ಎಂದ ಮಾಳಿಂಗ ಬೇಲಿಯಾಚೆಯಿಂದ. "ನಂದೂ ಹಂಗ ಆಗಿತ್ತು. ಎಲಿ ಬಿದ್ದದ್ದ ನೋಡಿ ಎದಿ ಒಡದು ನೀರ ಬಿಟ್ಟೆ. ಮುಂದ ಆಡಿನ ಮೇವಿಗಿ ಬರ ಇರಲಿಲ್ಲ ನೋಡ್ರಿ, ಅಷ್ಟ ಎಲಿ. ಕಾಯಿ ಮಾತ್ರ ಮನಿ ಉಪ್ಪಿನಕಾಯಿಗಿ ಸಾಲಲಿಲ್ಲ. ನಿಮ್ಮ ತಂಗಿ ಬೇಲಿ ಮಗ್ಗಲಕ ನಿಂತ ಏನಂದಳ ಗೊತ್ತೇನ್ರಿ? 'ಮಾಳಿಂಗಣ್ಣಾ, ಈ ವರ್ಷ ಲಿಂಬಿ ಸೊಪ್ಪಿನ ಸಾರ ಮಾಡ,' ಅಂದಳು."

ಕೌಸರ ನಕ್ಕಳು. ನಗುತ್ತಲೇ ಅಳು ಬಂದು ಗಿಡದ ಕಡೆ ತಿರುಗಿ ನಿಂತಳು.

"ಕೌಸರ, ಇನ್ನ ಎಷ್ಟ ದಿನ ತಡೀಬೇಕು?"

"ನನಗ ಗೊತ್ತಿಲ್ರಿ."

"ಗೊತ್ತಿಲ್ಲದ ಹಿಂಗ ಹಟಾ ಹಿಡದಿ?"

"ಅವ್ವಗೂ ಗೊತ್ತಿರತಿರಲಿಲ್ರಿ ಮಾಮಾ," ಎಂದಳು. "ಅಕಿಗಿ ಧೈರ್ಯ ಭಾಳ ಅಂತಾರ ಎಲ್ಲಾರೂ. ನೀರ ತಡದಾಗ ಅಕಿಗಿ ಅನ್ನಾ ಸೇರತಿರಲಿಲ್ಲ. ಅಂಜಿ ಅಂಜಿ ದಿನಾ ಮುಂಜಾನಿ ಬಂದ ನೋಡತಿದ್ದಳು. 'ಇವತ್ತ ಆಗಿಲ್ಲ' ಅಂತಿದ್ದಳು, ಒಳಗ ಹೋಗತಿದ್ದಳು. ಒಂದಿನಾ 'ಇವತ್ತ' ಅಂತಿದ್ದಳು. ಅಷ್ಟ."

ಅವಳಿಗೆ ಹೆದರಿಕೆಯೇ ಇಲ್ಲವೆಂದು ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಹೆದರಿಕೆ ಇಲ್ಲದವರ ಕೆಲಸ ನಮ್ಮಂಥವರಿಗೆ ಆಗದು ಎಂದು ಅದನ್ನೇ ನನಗೆ ನೆಪ ಮಾಡಿಕೊಂಡಿದ್ದೆ. ಅವಳೂ ನನ್ನಷ್ಟೇ ಹೆದರುತ್ತಿದ್ದಳೆಂದರೆ ಏನು ಹೇಳಲಿ? ನಾನು ಹೆದರಿದಾಗ ಬಾಗಿಲು ಹಾಕಿಕೊಂಡು ಒಳಗೆ ಕೂತೆ. ಹೊರಗೆ ಏನಾಯಿತೆಂದು ನೋಡುವ ಕಷ್ಟ ಅದರಲ್ಲಿ ಇರಲಿಲ್ಲ. ಅವಳು ಹೆದರಿಕೆಯನ್ನು ಜೊತೆಗೆ ಕರೆದುಕೊಂಡು ಬಂದು ಈ ಸಾಲಿನಲ್ಲಿ ನಿಲ್ಲುತ್ತಿದ್ದಳು.

ಆದರೂ ಹಜರತ್ತರ ಮಾತು ಮನಸ್ಸಿನಿಂದ ಹೋಗಲಿಲ್ಲ. ತಂಗಿಯ ಗೋರಿಯ ಮಣ್ಣು ಇನ್ನೂ ಆರಿಲ್ಲ. ಅವಳು ಸಾಕಿದ ಗಿಡಗಳು ನೀರಿಲ್ಲದೆ ನಿಂತಿವೆ. ನೀರು ಇದೆ, ಕೊಡಬೇಡ ಎಂದು ನಾನು ಹೇಳಬೇಕು. ನಾಳೆ ಮೇಲೆ ಹೋದಾಗ ಇದಕ್ಕೂ ನನ್ನನ್ನು ಕೇಳುವವನಿದ್ದಾನೆ. ಗಿಡ ಸತ್ತು ಈ ಹುಡುಗಿಯ ಹೊಟ್ಟೆಯ ಮೇಲೆ ಹೊಡೆತ ಬಿದ್ದರೆ ಅದಕ್ಕೂ ಕೇಳುತ್ತಾನೆ.

ಮೋದಿನಸಾಬ ಬಂದಾಗ, "ತಡೀಲಿ," ಎಂದೆ. "ಅಕಿ ದಿನಾ ನೋಡತಾಳ. ನಾನೂ ಇಲ್ಲೇ ಇದ್ದು ನೋಡತೇನಿ."

ಅವನು ಗಾಡಿಯ ಕೀಲಿ ಕೈಗೆ ತೆಗೆದುಕೊಂಡ. "ಮಾಸ್ತರ, ಜನಾ ಸತ್ತವರ ಹೆಸರ್ಲೆ ನೀರ ಇಡತಾರ. ಹೆಸರ್ಲೆ ನೀರ ನಿಲ್ಲಿಸಿದಾಂವ ಈ ಸೀಮ್ಯಾಗ ನೀವೊಬ್ರ," ಎಂದು ಗಾಡಿ ಹತ್ತಿ ಹೋದ.

ನಾನು ಊರಿಗೆ ಹೋಗಲಿಲ್ಲ. ಹಗಲು ಕುರಾನು ಓದುತ್ತಿದ್ದೆ. ತಂಗಿಯ ಹೆಸರಿನಲ್ಲಿ ಪೂರ್ತಿ ಮುಗಿಸಬೇಕೆಂದು ನಿಯತ್ತು, ಮನಸ್ಸಿನ ಸಂಕಲ್ಪ, ಮಾಡಿದ್ದೆ. ಬೆಳಿಗ್ಗೆ ಕೌಸರಳ ಹಿಂದೆ ಸಾಲುಗಳಲ್ಲಿ ತಿರುಗುತ್ತಿದ್ದೆ. ಎಲೆ ದಿನದಿನಕ್ಕೆ ಹೆಚ್ಚು ಉದುರಿದವು. ನಡೆದರೆ ಕಾಲಡಿ ಸದ್ದಾಗುತ್ತಿತ್ತು. "ಇವತ್ತ?" ಎಂದು ನಾನು ಕೇಳುತ್ತಿದ್ದೆ. "ಇವತ್ತ ಆಗಿಲ್ರಿ," ಎನ್ನುತ್ತಿದ್ದಳು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಒಂದು ದಿನ ಅನ್ನ ಬಡಿಸಿ ತಾನು ಉಣ್ಣದೆ ಕೂತಳು. ಉಣ್ಣು ಎಂದೆ. "ಅವ್ವ ಯಾಕ ಉಣ್ಣತಿರಲಿಲ್ಲ ಅಂತ ಈಗ ತಿಳೀತ್ರಿ," ಎಂದಳು.

ತೋಟದ ಮೂಡಲ ಅಂಚಿನಲ್ಲಿ ಕರಿಮಣ್ಣು ತೆಳುವಾಗಿ ಕೆಳಗೆ ಹರಳುಕಲ್ಲಿನ ಗರಸು ಇದೆ. ಅಲ್ಲಿ ನೀರು ನಿಲ್ಲದು. ಆ ಅಂಚಿನ ಗಿಡಗಳು ಮೊದಲು ಮುದುರಿ, ಆಮೇಲೆ ಎಲೆ ಗರಿಗರಿಯಾಗಿ, ಕೊನೆಗೆ ತುದಿಯ ಕಡ್ಡಿಗಳು ಕಂದುಬಣ್ಣಕ್ಕೆ ತಿರುಗಿದವು. ಒಂದು ಬೆಳಿಗ್ಗೆ ಕೌಸರ ಒಂದು ಕಡ್ಡಿಯನ್ನು ಮುರಿದಳು. ಪಟ್ಟೆಂದು ಮುರಿಯಿತು, ಒಳಗೆ ಹಸಿರು ಇರಲಿಲ್ಲ.

"ಇವಕ್ಕಷ್ಟೇ ಬಿಡೂಣೇನು?" ಎಂದೆ.

"ಇವು ಎಲ್ಲಾಕಿಂತ ಕಡೀಗಿ ಅದಾವ್ರಿ. ಎಲ್ಲಾ ಸಾಲಿಗೂ ಒಂದ ಪೈಪ. ಇವಕ್ಕ ಬಿಡಬೇಕಂದ್ರ ನಡುವಿನವಕ್ಕೂ ಹೋಗ್ತೈತಿ." ಅವಳು ಹಿಂದಿರುಗಿ ನಡುವಿನ ಗಿಡಗಳನ್ನು ನೋಡಿದಳು. "ಇನ್ನೊಂದಿನಾ."

ಕೊಡದಲ್ಲಿ ಹೊತ್ತು ಹಾಕೋಣವೆಂದೆ. ಇಬ್ಬರೂ ಹೊತ್ತೆವು. ಮಾಳಿಂಗನೂ ಬಂದು ಹೊತ್ತ. ತಡವಾಗಿತ್ತು. ಗರಸು ನೀರನ್ನು ಕುಡಿದು ಹಾಗೆಯೇ ಒಣಗಿ ಕೂತಿತು.

ಮರುದಿನ ನಾನು ಜಾನಿಮಾಜಿನ ಚಾಪೆ ಮಡಚುತ್ತಿರುವಾಗ ಹೊರಗಿನಿಂದ ಕೂಗಿದಳು. "ಮಾಮಾ, ಇವತ್ತ!"

ನಾನು ಮೋದಿನಸಾಬನಿಗೆ ಫೋನು ಮಾಡಿದೆ. ಬರಲಾರೆ, ಅಂಗಡಿ ತೆರೆಯಬೇಕು ಎಂದ. "ಆವತ್ತ ನೀವು ಅತ್ತಿಗಿ ಹೆಸರ್ಲೆ ನಿಯತ್ತ ಮಾಡಿದ್ರಿ. ನಿಯತ್ತ ಆವತ್ತಿಂದ ಇರ್ಲಿ, ನೀರ ಇವತ್ತ ಬಿಡ್ರಿ. ನೀವ ಬಂದ ಬಿಡಬೇಕು," ಎಂದೆ. ಅವನು, "ಅಂಗಡಿ ಎಲ್ಲಿ ಓಡಿ ಹೋಗ್ತೈತಿ ಬಿಡ್ರಿ," ಎಂದ. ಬಂದವನು ಚಪ್ಪಲಿ ಬಿಟ್ಟು ಬಿಸ್ಮಿಲ್ಲಾ ಹೇಳಿ ಮೋಟರ್ ಚಾಲೂ ಮಾಡಿದ. ಮೊದಲ ದಿನ ಸ್ವಲ್ಪವೇ ಬಿಡಬೇಕೆಂದು ಕೌಸರ ಹೇಳಿದಳು. ಬಾಯಾರಿದ ನೆಲ ಸುಂಯ್ ಎಂದು ನೀರು ಎಳೆದುಕೊಂಡಿತು. ಮಣ್ಣಿನ ವಾಸನೆ ಎದ್ದಿತು. ನಾವು ಮೂವರೂ ಕೈ ಎತ್ತಿ ಫಾತಿಹಾ ಓದಿದೆವು.

ನೀರು ಬಿಟ್ಟ ಮೇಲೆ ಊರಿಗೆ ಹೋಗಿದ್ದವನು ನಲವತ್ತನೆಯ ದಿನದ ಫಾತಿಹಾಕ್ಕೆ ಸಿಂದಗಿಯಿಂದ ಮತ್ತೆ ಬಂದೆ. ಬಸ್ಸಿಳಿದ ಕೂಡಲೇ ವಾಸನೆ ಬಂತು. ತೋಟದ ನಡುವಿನ ಗಿಡಗಳಲ್ಲಿ ಎಲೆ ಕಾಣದಷ್ಟು ಬಿಳಿ ಹೂ ಇತ್ತು. ಜೇನುನೊಣಗಳ ಗುಂಯ್ ಸದ್ದಿನಲ್ಲಿ ಕುರಾನು ಓದುವ ದನಿ ಕೂಡ ತಗ್ಗಿ ಕೇಳುತ್ತಿತ್ತು. ಮೋಟರಿನ ಹತ್ತಿರದ ಎರಡು ಸಾಲು ಹಸಿರೋ ಹಸಿರು. ಅಲ್ಲಿ ಒಂದು ಹೂವೂ ಇರಲಿಲ್ಲ. ಮೂಡಲ ಅಂಚಿನ ಗಿಡಗಳು ಸತ್ತಿದ್ದವು. ಕಡಿದು ಹಾಕದೆ ಹಾಗೆಯೇ ಬಿಟ್ಟಿದ್ದಳು.

ಮೋದಿನಸಾಬ ಊಟವಾದ ಮೇಲೆ ತೋಟ ತಿರುಗಿದ. ತಾನು ನೀರು ಬಿಟ್ಟಿದ್ದ ಸಾಲಿನ ಮುಂದೆ ನಿಂತು ಒಂದು ಎಲೆ ಹರಿದು ಮೂಸಿದ. ಮಾಳಿಂಗ ಬೇಲಿಯಾಚೆಯಿಂದ, "ಸಾವಕಾರ್ರ, ಸಾರಿಗಿ ಸೊಪ್ಪ ಒಯ್ರಿ," ಎಂದ. ಎಲ್ಲರೂ ನಕ್ಕರು. ಮೋದಿನಸಾಬನೂ ನಕ್ಕ. ಆಮೇಲೆ ಅಂಚಿಗೆ ಹೋಗಿ ಸತ್ತ ಗಿಡಗಳ ಮುಂದೆ ನಿಂತ.

"ಇವು ಹೋದವಲ್ಲವಾ."

"ಹೋದವ್ರಿ ಕಾಕಾ. ಒಂದಿನಾ ಮೊದಲ ಬಿಡಬೇಕಿತ್ತೋ ಏನೋ."

"ಒಂದಿನಾ ಮೊದಲ ಬಿಟ್ಟಿದ್ರ ನಡುವಿನವು ಹಿಂಗ ಬರತಿದ್ವೇನ?"

"ಗೊತ್ತಿಲ್ರಿ," ಎಂದಳು ಕೌಸರ.

ಅವನು ಲಾವಣಿಯ ಮಾತು ಎತ್ತಲಿಲ್ಲ. ಸತ್ತ ಗಿಡ ಕಡಿಯಲು ಆಳು ಕಳಿಸುತ್ತೇನೆ, ಅಲ್ಲಿ ನಿಂಬೆ ಬೇಡ, ಬಾರಿ ಹಣ್ಣಿನ ಗಿಡ ಹಚ್ಚು ಎಂದ. ನೋಡೋಣ್ರಿ ಎಂದಳು.

ಹೂವೆಲ್ಲ ಕಾಯಾಗಬೇಕು. ನಡುವೆ ಗಾಳಿ ಬೀಸಬಹುದು, ಅಕಾಲ ಮಳೆ ಬರಬಹುದು. ಬೇಸಿಗೆಯವರೆಗೆ ಯಾರೂ ಏನನ್ನೂ ಹೇಳುವಂತಿಲ್ಲ. ನಾನು ದಣಿದಿದ್ದೇನೆ. ಅವಳು ಇದ್ದಾಗ ಒಂದು ಬೆಳಿಗ್ಗೆಯಾದರೂ ಅವಳ ಜೊತೆ ಈ ಸಾಲಿನಲ್ಲಿ ನಿಂತಿದ್ದರೆ ಎಂದು ಅನಿಸುತ್ತದೆ. ನಿಲ್ಲಲು ಯಾರೂ ಅಡ್ಡ ಬಂದಿರಲಿಲ್ಲ. ಸಂಜೆ ಒಬ್ಬನೇ ಖಬರಸ್ತಾನಕ್ಕೆ ಹೋದೆ. ಮಣ್ಣು ಸ್ವಲ್ಪ ಕುಸಿದಿತ್ತು. ತೋಟದಿಂದ ತಂದಿದ್ದ ತಂಬಿಗೆಯ ನೀರನ್ನು ತಲೆಯ ಕಡೆಯಿಂದ ಕಾಲಿನ ಕಡೆಗೆ ಸುರಿದು ಕೈ ಎತ್ತಿದೆ.

ಯಾ ಅಲ್ಲಾಹ್, ನನ್ನ ತಂಗಿ ಶಮಶಾದಬಿ ನಿನ್ನ ಬಳಿಗೆ ಬಂದಿದ್ದಾಳೆ. ಅವಳ ತಪ್ಪುಗಳನ್ನು ಮನ್ನಿಸು. ಅವಳ ಗೋರಿಯನ್ನು ಅಗಲ ಮಾಡು, ಬೆಳಕು ಮಾಡು. ಹೆದರಿ ಹೆದರಿ ನಿದ್ದೆಗೆಟ್ಟವಳು; ಇನ್ನು ಅವಳಿಗೆ ಹೆದರಿಕೆ ಬೇಡ, ನಿಶ್ಚಿಂತೆಯ ನಿದ್ದೆ ಕೊಡು. ನಾವು ತಡೆದ ನೀರನ್ನೂ ಬಿಟ್ಟ ನೀರನ್ನೂ ಅವಳ ಹೆಸರಿಗೆ ಒಪ್ಪಿಸಿಕೋ. ನಿನ್ನ ದಯೆಯ ಕೊಳದಿಂದ ಅವಳಿಗೆ ನೀರು ಕೊಡು, ಮತ್ತೆಂದೂ ಅವಳಿಗೆ ಬಾಯಾರದಿರಲಿ. ಆಮೀನ್.